ಎಂಟು ಕುರ್ಚಿಯ ಗ್ರಾಹಕ

ಮೇಜು, ಕುರ್ಚಿ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗುತ್ತಿದ್ದರು. ಗೋಡೌನ್ ನೋಡಿಕೊಳ್ಳುವ ಹಿರಿಯ ಎಲ್ಲರಿಗೂ ಮಾವ. ಲೆಕ್ಕದ ವಿಭಾಗದ ಹೆಂಗಸು ಎಲ್ಲರಿಗೂ ಅಕ್ಕ. ಅವಳಿಗಿಂತ ಎಷ್ಟೋ ದೊಡ್ಡವನಾದ ಮಾಲೀಕನಿಗೂ ಅಕ್ಕನೇ. ಹೊಸ ಸಾಫ್ಟ್‌ವೇರ್ ಕೂರಿಸಲು ಹೊರಗಿನಿಂದ ಬಂದವನೊಬ್ಬ ಮಾತ್ರ ಯಾರಿಗೂ ಏನೂ ಅಲ್ಲ. ಅವನು ಸಾಹೇಬ. ಅದೂ ಮುಖದ ಮುಂದೆ. ಬೆನ್ನ ಹಿಂದೆ ಅವನ ಹೆಸರು 'ಅಪ್‌ಡೇಟು'. "ಅಪ್‌ಡೇಟು ಬರ್ತಾ ಇದೆ, ಎಲ್ರೂ ಕೆಲಸ ಇರೋ ಹಾಗೆ ಮುಖ ಮಾಡ್ಕೊಳ್ಳಿ" ಎಂದು ಒಬ್ಬರಿಗೊಬ್ಬರು ಪಿಸುಗುಡುತ್ತಿದ್ದರು.

ಸಾಹೇಬ ಸಾಮಾನ್ಯನೇನಲ್ಲ. ಕಾರ್ಖಾನೆಯ ಮೇಲೆ ಕಾರ್ಖಾನೆ ಗೆದ್ದ ದಿಗ್ವಿಜಯಿ. ಸೋಪಿನ ಕಾರ್ಖಾನೆಯಲ್ಲಿ ತಲೆತಲಾಂತರದ ರಿಜಿಸ್ಟರುಗಳನ್ನು ಅಟ್ಟ ಹತ್ತಿಸಿದವನು. ಪಂಪಿನ ಕಾರ್ಖಾನೆಯಲ್ಲಿ ಪರಸ್ಪರ ಮಾತು ಬಿಟ್ಟಿದ್ದ ಮ್ಯಾನೇಜರುಗಳನ್ನು 'ಮೀಟಿಂಗ್' ಎಂಬ ಒಂದೇ ಅಸ್ತ್ರದಿಂದ ನೆಲಕ್ಕೆ ಕೆಡವಿದವನು. ಆದರೆ ಗೆದ್ದ ಯಾವ ರಾಜ್ಯವನ್ನೂ ಒಂದು ದಿನ ಆಳಿದವನಲ್ಲ. ಹೊಸ ಸಿಸ್ಟಂ ಶುರುವಾಗಿ ಮೊದಲ ವಾರ ತಪ್ಪಿಲ್ಲದೆ ಕಳೆದರೆ ಮಾಲೀಕ ಸಹಿ ಹಾಕುತ್ತಾನೆ, ಇವನು ಸೂಟ್‌ಕೇಸು ಎತ್ತುತ್ತಾನೆ. ಮದುವೆಯ ಮಾತು ಬಂದಾಗಲೆಲ್ಲ, ಕಷ್ಟದ ಕೆಲಸಕ್ಕೆ ಹೇಳುವಂತೆಯೇ, 'ಅದನ್ನ ಎರಡನೇ ಹಂತದಲ್ಲಿ ನೋಡೋಣ' ಎನ್ನುತ್ತ ಬಂದವನಿಗೆ ಐವತ್ತು ದಾಟಿತ್ತು. ಎರಡನೇ ಹಂತಕ್ಕೆ ಅವನು ಯಾವ ಊರಿನಲ್ಲೂ ಉಳಿದಿರಲಿಲ್ಲ.

ಸಿಸ್ಟಂ ಪರೀಕ್ಷಿಸಲು ಒಬ್ಬ ಸುಳ್ಳು ಗ್ರಾಹಕ ಬೇಕು. ಬೇರೆಯವರು 'ಗ್ರಾಹಕ ಒಂದು' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಸಾಹೇಬ 'ಕೂಡು ಕುಟುಂಬ' ಎಂದು ಹೆಸರಿಟ್ಟು, ತನ್ನ ಬಾಡಿಗೆ ಕೋಣೆಯ ವಿಳಾಸ ಕೊಟ್ಟು, ಎಂಟು ಕುರ್ಚಿಯ ಊಟದ ಮೇಜಿಗೆ ಆರ್ಡರ್ ಹಾಕಿದ್ದ. ಎಂಟೇ ಏಕೆ ಎಂದು ಯಾರಾದರೂ ಕೇಳಿದರೆ ಹೇಳಲು ತಾಂತ್ರಿಕ ಕಾರಣವೊಂದನ್ನು ಸಿದ್ಧವಾಗಿಟ್ಟುಕೊಂಡಿದ್ದ. ಯಾರೂ ಕೇಳಲಿಲ್ಲ.

ನಿಜವಾದ ಆರ್ಡರುಗಳನ್ನು ಹೊಸ ಸಿಸ್ಟಂಗೆ ಸಾಗಿಸುವ ಮುನ್ನ ಈ ಸುಳ್ಳು ಆರ್ಡರನ್ನು ಅಳಿಸಬೇಕಿತ್ತು. ಎಲ್ಲರಿಗೂ ಅದನ್ನೇ ಬೋಧಿಸಿದ ಮಹಾನುಭಾವ ತಾನೇ ಮರೆತ. ಸಿಸ್ಟಂ ಅವನ ಹಾಗಲ್ಲ, ಏನನ್ನೂ ಮರೆಯುವುದಿಲ್ಲ. ಗುರುವಾರ ಅವನ ಬಾಗಿಲಿಗೆ ಲಾರಿ ಬಂದು ನಿಂತಿತು.

"ಸಾರ್, ಮನೆಯವರನ್ನೆಲ್ಲ ಸ್ವಲ್ಪ ಹೊರಗೆ ಕರೀರಿ. ಮೇಜು ದೊಡ್ಡದು" ಎಂದ ಡ್ರೈವರ್.

"ಮನೆಯವರೆಲ್ಲ ನಾನೇ."

ಡ್ರೈವರ್ ಕೋಣೆಯನ್ನು ನೋಡಿದ, ಕುರ್ಚಿಗಳನ್ನು ನೋಡಿದ.

"ವಾಪಸ್ ತಗೊಂಡು ಹೋಗಪ್ಪ."

"ಆಗಲ್ಲ ಸಾರ್. ವಾಪಸ್ ತಗೊಳ್ಳೋಕೆ ಹೊಸ ಸಿಸ್ಟಂನಲ್ಲಿ ಬಟನ್ನೇ ಇಲ್ವಂತೆ. ಯಾವನೋ ಪುಣ್ಯಾತ್ಮ ಎರಡನೇ ಹಂತಕ್ಕೆ ಅಂತ ಬಿಟ್ಟಿದ್ದಾನೆ."

ಪುಣ್ಯಾತ್ಮ ಕೆಮ್ಮಿದ. ಮಂಚವನ್ನು ಗೋಡೆಗೆ ನೇರ ನಿಲ್ಲಿಸಿದ ಮೇಲೆ ಮೇಜು ಒಳಗೆ ಹಿಡಿಯಿತು. ಅಡುಗೆಯ ಮೂಲೆಗೆ ಹೋಗಬೇಕಾದರೆ ಈಗ ಮೇಜಿನ ಕೆಳಗೆ ನುಸುಳಬೇಕು.

ಸಹಿಯ ದಿನ ಶನಿವಾರ. ಅಷ್ಟರಲ್ಲಿ ಮೇಜು ವಾಪಸ್ ಹೋಗದಿದ್ದರೆ ಸಹಿ ಇಲ್ಲ, ಇನ್ನೂ ಒಂದು ತಿಂಗಳು ಇಲ್ಲೇ. ವಾಪಸ್ಸಿನ ವ್ಯವಸ್ಥೆ ಕೂರಿಸಬೇಕೆಂದರೆ ಮಾವನೂ ಅಕ್ಕನೂ ಒಂದು ಮಾತಿಗೆ ಬರಬೇಕು. ಅವರೋ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಸಾಹೇಬನ ಮೀಟಿಂಗಿಗೆ ಇಬ್ಬರೂ ಒಟ್ಟಿಗೆ ಬಂದದ್ದೇ ಇಲ್ಲ. ಬೇರೆ ದಾರಿಯಿಲ್ಲದೆ ಇಬ್ಬರಿಗೂ ನಡೆದದ್ದನ್ನು ಹೇಳಿಬಿಟ್ಟ. ಶುಕ್ರವಾರ ಸಂಜೆ ಇಬ್ಬರೂ ಓಡಿ ಬಂದರು, ಸಹಾಯಕ್ಕಲ್ಲ, ನೋಡಿ ನಗಲು.

"ಏನ್ ಸಾಹೇಬ್ರೇ, ಮಂಚಾನ ನಿಲ್ಲಿಸಿದ್ದೀರಿ! ನಿಂತ್ಕೊಂಡೇ ಮಲಗ್ತೀರಾ?" ಎಂದ ಮಾವ.

"ಸುಮ್ನಿರಿ ಮಾವ. ನಾವು ಎಡವಿದ್ರೆ ನೆಲಕ್ಕೆ ಬೀಳ್ತೀವಿ, ಬುದ್ಧಿವಂತರು ಕುರ್ಚಿ ಮೇಲೇ ಬೀಳ್ತಾರೆ" ಎಂದಳು ಅಕ್ಕ.

ನಿಲ್ಲಲು ಜಾಗವಿರಲಿಲ್ಲವಾದ್ದರಿಂದ ಕೂತರು. ಕೂತ ಮೇಲೆ ಚಹಾ ಆಗಲೇಬೇಕು. ಇದ್ದ ಒಂದೇ ಲೋಟ ಮಾವನಿಗೆ, ಫ್ಲಾಸ್ಕಿನ ಮುಚ್ಚಳ ಅಕ್ಕನಿಗೆ. ಸಾಹೇಬ ಪಾತ್ರೆಯಿಂದಲೇ ಕುಡಿದ. ನಗು ಮುಗಿದು ಜಗಳ ಶುರುವಾಯಿತು. ವಾಪಸ್ ಬಂದ ಮಾಲು ಮೊದಲು ಗೋಡೌನಿಗೆ ಎಂದು ಮಾವ. ಮೊದಲು ನನ್ನ ಲೆಕ್ಕಕ್ಕೆ ಎಂದು ಅಕ್ಕ.

"ಮಾಲನ್ನ ಕಣ್ಣಲ್ಲೇ ನೋಡದೆ ಏನಮ್ಮ ಬರ್ಕೊಳ್ತೀಯ?"

"ನೀವು ನೋಡಿ ನೋಡೀನೇ ಹೋದ ವರ್ಷ ಒಂದು ಸೋಫಾ ಕಾಣೆಯಾಗಿದ್ದು!"

ಸಾಹೇಬ ಅಸ್ತ್ರಗಳನ್ನೆಲ್ಲ ಕೆಳಗಿಟ್ಟು, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ಕೂತ. ಕತ್ತಲಾಗುವ ಹೊತ್ತಿಗೆ ಜಗಳವೇ ಒಪ್ಪಂದವಾಗಿತ್ತು. ಮಾವ ನೋಡುವುದು, ಅಕ್ಕ ಬರೆಯುವುದು, ಆಮೇಲೆ ಗೋಡೌನು.

"ಲೋ ಅಳಿಯಾ, ಆ ಪರದೇನ ಇತ್ತ ತಿರುಗಿಸೋ, ಕಣ್ಣು ಕಾಣಲ್ಲ" ಎಂದ ಮಾವ, ಯೋಚಿಸದೆ.

ಅಳಿಯ ಲ್ಯಾಪ್‌ಟಾಪನ್ನು ತಿರುಗಿಸಿದ. ತಿರುಗಿಸಿದ ಕೈ ಅಲ್ಲೇ ನಿಂತುಬಿಟ್ಟಿತು.

ಆ ಒಪ್ಪಂದದಂತೆ ಅವನು ಅಲ್ಲೇ ಕೂತು ಕೂರಿಸಿದ ವಾಪಸ್ಸಿನ ಬಟನ್ನನ್ನು ಅಕ್ಕ ಒತ್ತಿದಳು. "ವಾಪಸ್ಸಿಗೆ ಕಾರಣ ಕೇಳ್ತಾ ಇದೆ. ಮುರಿದಿದೆ, ಬಣ್ಣ ಬೇರೆ, ಗ್ರಾಹಕರಿಗೆ ಬೇಡ. ಮೂರೇ ಇರೋದು. ಯಾವುದು ಹಾಕ್ಲಿ?"

ಅವನು ಮೇಜಿನ ಅಂಚನ್ನು ಸವರಿದ. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. "ಸೋಮವಾರ ಮಾಡಿದ್ರೆ ಆಗಲ್ವಾ?"

"ನಾಳೆ ನಿಮ್ಮ ಸಹಿ ಅಲ್ವಾ? ತಪ್ಪಿಹೋಗುತ್ತೆ" ಎಂದಳು ಅಕ್ಕ.

"ಇಲ್ಲಿದ್ದು ಇನ್ನೇನು ಮಾಡ್ತಾರೆ ಪಾಪ. ಮನೆ ಕಡೆ ಹೋಗ್ಲಿ" ಎಂದ ಮಾವ, ಲೋಟ ಕೆಳಗಿಡುತ್ತ.

ಸಾಹೇಬ ಮೇಜಿನ ಅಂಚಿನಿಂದ ಕೈ ತೆಗೆದ.

"ಗ್ರಾಹಕರಿಗೆ ಬೇಡ ಅಂತ ಹಾಕಿ."

ಪರೀಕ್ಷೆಯ ಸುಳ್ಳು ಗ್ರಾಹಕರನ್ನು ಬಿಟ್ಟರೆ, ಇಷ್ಟು ವರ್ಷಗಳಲ್ಲಿ ಅವನು ಗೊತ್ತಿದ್ದೂ ಸಿಸ್ಟಂಗೆ ಸೇರಿಸಿದ ಮೊದಲ ಸುಳ್ಳು ಅದು.

ಶನಿವಾರ ಬೆಳಿಗ್ಗೆ ಲಾರಿ ಬಂದು ಎಂಟು ಕುರ್ಚಿಗಳನ್ನೂ ಮೇಜನ್ನೂ ಒಯ್ದಿತು. ಮಂಚವನ್ನು ಇಳಿಸಿದರೆ, ಮೊನ್ನೆಯವರೆಗೆ ಇಕ್ಕಟ್ಟೆನಿಸುತ್ತಿದ್ದ ಕೋಣೆಯಲ್ಲಿ ನಡೆದಾಡಲು ಬೇಕಾದಷ್ಟು ಜಾಗವಿತ್ತು. ಮಾವ, ಅಕ್ಕ ಇಬ್ಬರೂ ಮೇಜಿನ ಕಥೆಯನ್ನು ಮಾಲೀಕನ ಕಿವಿಗೆ ಹಾಕಲಿಲ್ಲ. ಮಾಲೀಕ ಸಹಿ ಹಾಕಿ ಬೆನ್ನು ತಟ್ಟಿದ. ಸೂಟ್‌ಕೇಸು ಹಿಡಿದು ಗೇಟು ದಾಟುವಾಗ ಮಾವ ಗೋಡೌನಿನ ಬಾಗಿಲಲ್ಲಿ ಮಾಲು ಎಣಿಸುತ್ತಿದ್ದ.

"ಹೊರಟ್ರಾ ಸಾಹೇಬ್ರೇ? ಒಳ್ಳೇದಾಗ್ಲಿ" ಎಂದು ಕೈ ಎತ್ತಿ, ಮತ್ತೆ ಎಣಿಕೆಗೆ ತಿರುಗಿದ.

ಮುಂದಿನ ಊರಿನದು ಹಾಸಿಗೆ, ದಿಂಬಿನ ಕಾರ್ಖಾನೆ. ವಾಪಸ್ಸಿನ ಕೆಲಸವನ್ನು ಸಾಹೇಬ ಈ ಸಲ ಮೊದಲನೇ ಹಂತಕ್ಕೇ ಸೇರಿಸಿದ. ಸುಳ್ಳು ಗ್ರಾಹಕನ ಹೆಸರು ಬರೆಯುವ ಜಾಗದಲ್ಲಿ 'ಗ್ರಾಹಕ ಒಂದು' ಎಂದು ಬರೆದ. ಮಾಲು, ದಿಂಬು. ಎಷ್ಟು ಎಂದು ಸಿಸ್ಟಂ ಕೇಳಿತು. ಅದಕ್ಕೂ ಒಂದು ಎಂದೇ ಉತ್ತರಿಸಿದ.