ಅಲಾರಂ ಯಾರ ಫೋನಿಗೆ

ಇರ್ಮೆಲಿಯ ಬಲಮಂಡಿ ಸವೆದು ವರ್ಷಗಳಾಗಿದ್ದವು. ಶಸ್ತ್ರಚಿಕಿತ್ಸೆಗೆ ಕುವೊಪಿಯೊ ಪಟ್ಟಣದ ಆಸ್ಪತ್ರೆಯವರು ಒಮ್ಮೆ ದಿನ ಕೊಟ್ಟಿದ್ದರು. ಹುಲ್ಲು ಕೊಯ್ಯುವ ಹೊತ್ತೆಂದು ಅವಳೇ ಮುಂದೂಡಿದಳು. ಎರಡನೆಯ ಸಲ ದಿನ ಗೊತ್ತಾದಾಗ ಗಂಡ ಎಸ್ಕೊನನ್ನು ಅವಳು ಕೇಳಿದ್ದು ಒಂದೇ ಸಂಗತಿ. ಕೊಟ್ಟಿಗೆಯ ಯಂತ್ರಗಳ ಅಲಾರಂ ಇನ್ನು ತನ್ನ ಫೋನಿಗೆ ಬರಬಾರದು, ಅವನದಕ್ಕೆ ಹೋಗಬೇಕು.

ನಾನು ಆ ಮನೆಗೆ ಬದಲಿ ಕೆಲಸಕ್ಕೆ ಹೋಗುತ್ತಿದ್ದವಳು. ಹಸು ಸಾಕುವವರು ಕಾಯಿಲೆ ಬಿದ್ದರೆ, ರಜೆ ಹಾಕಿದರೆ, ಅವರ ಕೊಟ್ಟಿಗೆ ನೋಡಿಕೊಳ್ಳಲು ಪುರಸಭೆಯವರು ನಮ್ಮಂಥವರನ್ನು ಕಳಿಸುತ್ತಾರೆ. ಹಾಗಾಗಿ ಈ ಕಡೆಯ ಕೊಟ್ಟಿಗೆಗಳಷ್ಟೇ ಅಡುಗೆಮನೆಗಳೂ ನನಗೆ ಗೊತ್ತು.

ಇರ್ಮೆಲಿ ಮದುವೆಯಾಗಿ ಬಂದ ಕಾಲದಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಕರೆಯುತ್ತಿದ್ದಳು. ಬೆನ್ನು ನೋಯುವ ಕೆಲಸವೇ. ಆದರೆ ಅದಕ್ಕೆ ಒಂದು ಶುರು ಇತ್ತು, ಒಂದು ಕೊನೆ ಇತ್ತು. ಕೊಟ್ಟಿಗೆಯ ಬಾಗಿಲು ಹಾಕಿ ಬಂದು ಬೂಟು ಕಳಚಿದರೆ ಆಯಿತು. ರೋಬೋಟ್ ಬಂದ ಮೇಲೆ ಹಾಲು ಕರೆಯುವ ಕೆಲಸ ಹೋಯಿತು, ಅದರ ಜೊತೆಗೆ ಆ ಕೊನೆಯೂ ಹೋಯಿತು.

ಯಂತ್ರಗಳಿಗೆ ಸಂಪರ್ಕ ಕೊಡುವ ಪೆಟ್ಟಿಗೆ ಮಾರಲು ಬಂದವನು ಯಾರ್ನೊ ಎಂಬ ಹುರುಪಿನ ಮನುಷ್ಯ. ಬೆಂಕಿಪೊಟ್ಟಣದಷ್ಟಿದ್ದ ಆ ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಇದೇ ಸರಕನ್ನು ಲಿಫ್ಟಿನವರಿಗೂ ಮಾರುತ್ತೇನೆ, ಮರ ಕಡಿಯುವ ಯಂತ್ರದವರಿಗೂ, ಕಾಫಿ ಯಂತ್ರದವರಿಗೂ, ಐಸ್‌ಕ್ರೀಂ ಡಬ್ಬಿ ಇಡುವ ಅಂಗಡಿಯವರಿಗೂ ಮಾರುತ್ತೇನೆ ಎಂದ. ಕಸುಬು ಯಾವುದಾದರೇನು, ಒಳಗಿನ ಸಿಮ್ ಒಂದೇ. ಹಸುವಿನ ಕೊರಳಪಟ್ಟಿ ರೋಬೋಟಿಗೆ ತಿಳಿಸುತ್ತದೆ, ರೋಬೋಟ್ ಮೇವಿನ ಯಂತ್ರಕ್ಕೆ ತಿಳಿಸುತ್ತದೆ, ಹಾಲಿನ ಟ್ಯಾಂಕು ಡೇರಿಗೆ ತಿಳಿಸುತ್ತದೆ. ನಡುವೆ ಮನುಷ್ಯರ ಕೆಲಸವೇ ಇಲ್ಲ.

"ಇಷ್ಟೆಲ್ಲ ಮಾತಾಡ್ಕೊಂಡು ಕೊನೆಗೆ ಯಾರಿಗೆ ಹೇಳ್ತಾವೆ?" ಎಂದಳು ಇರ್ಮೆಲಿ, ಅವನ ಬಟ್ಟಲಿಗೆ ಕಾಫಿ ಬಗ್ಗಿಸುತ್ತ.

"ಅದನ್ನೇ ಕೇಳೋಣ ಅಂತಿದ್ದೆ. ಒಂದು ಫೋನ್ ನಂಬರ್ ಬೇಕು."

ಎಸ್ಕೊ ತಲೆಯೆತ್ತದೆ ಹೇಳಿದ, "ಯಜಮಾನ್ತೀದು ಹಾಕು. ಕಾಡಲ್ಲಿ ಗರಗಸ ಹಿಡ್ದಿದ್ರೆ ನಂಗೆ ಕೇಳ್ಸಲ್ಲ." ಅವಳು ಎತ್ತದಿದ್ದರೆ ಇನ್ನೊಂದು ನಂಬರೂ ಇರಲಿ ಎಂದು ಯಾರ್ನೊ ಕೇಳಿದ್ದಕ್ಕೆ ಅಡುಗೆಮನೆಯ ಗೋಡೆಯ ಫೋನಿನದನ್ನು ಕೊಟ್ಟ.

ಆಮೇಲೆ ಧಾನ್ಯ ಒಣಗಿಸುವ ಯಂತ್ರಕ್ಕೆ ಒಂದು ಪೆಟ್ಟಿಗೆ ಬಂತು, ಸಗಣಿಗುಂಡಿಯ ಪಂಪಿಗೊಂದು, ಕರುಗಳ ಹಾಲು ಬಿಸಿ ಮಾಡುವುದಕ್ಕೊಂದು. ಹೇಗೂ ಇದೆಯಲ್ಲ ಎಂದು ಎಲ್ಲಕ್ಕೂ ಅದೇ ನಂಬರನ್ನೇ ಹಾಕಿದರು. ಅಲಾರಂ ಬಂದಾಗ ಹೆಚ್ಚಿನ ಸಲ ಆಗಿರುತ್ತಿದ್ದುದು ಇಷ್ಟೇ: ರೋಬೋಟಿನ ಕ್ಯಾಮೆರಾ ಕಣ್ಣಿಗೆ ಸಗಣಿ ಹಾರಿರುತ್ತಿತ್ತು, ಇಲ್ಲವೇ ಯಾವುದೋ ಹಸು ಕೊಳವೆ ಒದ್ದಿರುತ್ತಿತ್ತು. ಒರೆಸಿ, ಎತ್ತಿಟ್ಟು, ಗುಂಡಿ ಒತ್ತಿ ಬರಬೇಕು. ಇರ್ಮೆಲಿ ಹಬೆಸ್ನಾನದ ಸೌನಾದ ಬೆಂಚಿನಿಂದ ಎದ್ದು ಒದ್ದೆ ಕೂದಲಲ್ಲಿ ಹೋಗಿದ್ದಾಳೆ, ಹಲ್ಲಿನ ವೈದ್ಯರ ಕುರ್ಚಿಯಿಂದ ಎದ್ದು ಹೋಗಿದ್ದಾಳೆ. ಇವನ್ನೆಲ್ಲ ಕೆಲಸವೆಂದು ಯಾರೂ ಎಣಿಸುತ್ತಿರಲಿಲ್ಲ. ನಮ್ಮಲ್ಲಿ ಈಗ ಹಾಲು ಕರೆಯುವುದು ರೋಬೋಟ್ ಎಂದು ಎಸ್ಕೊ ಬಂದವರಿಗೆಲ್ಲ ಹೇಳುತ್ತಿದ್ದ. ಅದು ಸುಳ್ಳೂ ಅಲ್ಲ.

ಹಳ್ಳಿಯ ಹೆಂಗಸರು ಸೇರಿ ನೇಯುವ ಕೋಣೆಯಲ್ಲಿ ಒಮ್ಮೆ ನಾನೂ ಇದ್ದೆ. ಮಗ್ಗಗಳ ಮಧ್ಯದ ಮೇಜಿನ ಮೇಲೆ ಏಲಕ್ಕಿ ಬನ್ನುಗಳ ತಟ್ಟೆ, ಅದರ ಸುತ್ತ ಫೋನುಗಳು. ಒಂದು ಇರ್ಮೆಲಿಯದು. ಇನ್ನೊಂದು ಅಂಗಡಿಯವನ ಹೆಂಡತಿಯದು. ಫ್ರೀಜರ್ ಬಿಸಿಯಾದರೆ ಅದು ಬಡಿದುಕೊಳ್ಳುತ್ತಿತ್ತು. ಮತ್ತೊಂದು ಶಾಲೆಯ ನೆಲ ಒರೆಸುವವಳದು. ಶಾಲೆಯನ್ನು ಬೆಚ್ಚಗಿಡುವ ಬಾಯ್ಲರ್ ಆರಿದರೆ ಅವಳಿಗೆ ಗೊತ್ತಾಗಬೇಕು. ಯಾರ್ನೊನ ವ್ಯಾಪಾರ ಅಷ್ಟು ಕಸುಬುಗಳಿಗೆ ಹಬ್ಬಿತ್ತು, ಫೋನುಗಳು ಮಾತ್ರ ಹೆಂಗಸರ ಏಪ್ರನ್ ಜೇಬಿನಲ್ಲೇ ಇದ್ದವು. "ಬಾಯ್ಲರ್ ನನ್ ಗಂಡನಿಗಿಂತ ಜಾಸ್ತಿ ಮಾತಾಡತ್ತೆ" ಎಂದು ಶಾಲೆಯವಳು ನಗಿಸಿದಳು. ಆಗಲೂ ಯಾರದೋ ಫೋನು ಹೊಡೆದುಕೊಂಡಿತು. ಎಲ್ಲರೂ ಕೈ ಚಾಚಿದರು.

ಆಸ್ಪತ್ರೆಗೆ ಹೊರಡುವ ಮುಂಚೆ ಇರ್ಮೆಲಿ ನನಗೆ ಕೊಟ್ಟಿಗೆಯನ್ನೆಲ್ಲ ಒಪ್ಪಿಸಿದಳು. ಯಾವ ಕರು ಬಾಟಲಿ ಹಿಡಿಯುವುದಿಲ್ಲ, ಯಾವ ಹಸುವನ್ನು ರೋಬೋಟಿನ ತನಕ ಅಟ್ಟಿಕೊಂಡೇ ಹೋಗಬೇಕು, ಎಲ್ಲ. ನಂಬರಿನ ವಿಷಯ ಎಸ್ಕೊನಿಗೆ ಬಿಟ್ಟಿದ್ದೇನೆ ಎಂದಳು. ಅವನು ಯಾರ್ನೊಗೆ ಫೋನು ಮಾಡುತ್ತೇನೆ ಎಂದಿದ್ದನಂತೆ. ಮಾಡಿರಲಿಲ್ಲ. ಮಾಡಬಾರದೆಂದಲ್ಲ, ಅದು ಅವನ ಮನಸ್ಸಿನಲ್ಲಿ ನಿಲ್ಲಲೇ ಇಲ್ಲ.

ಅವಳ ಮಂಡಿ ಕೊಯ್ಯುವ ದಿನ ನಾನು ಬೆಳಗಿನ ಕೆಲಸ ಮುಗಿಸಿ ಹೋಗಿದ್ದೆ. ಸಂಜೆ ಬಂದು ಕಾರಿನ ಬಾಗಿಲು ತೆಗೆಯುವಷ್ಟರಲ್ಲೇ ಹಸುಗಳ ಕೂಗು ಕೇಳಿಸಿತು. ರೋಬೋಟ್ ನಿಂತುಹೋಗಿತ್ತು. ಅದರ ಮುಂದೆ ಹಸುಗಳು ಒಂದನ್ನೊಂದು ನೂಕುತ್ತಿದ್ದವು, ಕೆಚ್ಚಲು ಕಲ್ಲಾಗಿ ಕೆಲವುಗಳ ಮೊಲೆಯಿಂದ ಹಾಲು ತಾನೇ ಸೋರುತ್ತಿತ್ತು. ಯಂತ್ರದ ಕಣ್ಣಿನ ಮೇಲೆ ಬೊಗಸೆ ಸಗಣಿ. ಒರೆಸಿ, ಗುಂಡಿ ಒತ್ತಿ, ಹಸುಗಳನ್ನು ಒಂದೊಂದಾಗಿ ಬಿಟ್ಟು ಮನೆಯೊಳಗೆ ಹೋದೆ. ಎಸ್ಕೊ ಟೀವಿಯಲ್ಲಿ ಹಾಕಿ ಪಂದ್ಯ ನೋಡುತ್ತಿದ್ದ.

"ಹಸು ಕೂಗಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು. ಫೋನ್ ಬರ್ಲಿಲ್ವಲ್ಲ, ಏನೂ ಆಗಿರಲ್ಲ ಅಂದ್ಕೊಂಡೆ."

"ಯಾರಿಗೆ ಬರ್ಬೇಕಿತ್ತು ಫೋನು?"

"ಯಜಮಾನ್ತಿಗೆ" ಎಂದವನು ಕೈಯಲ್ಲಿದ್ದ ಕಾಫಿ ಬಟ್ಟಲು ಕೆಳಗಿಟ್ಟ.

ಅವಳ ಫೋನು ಆಸ್ಪತ್ರೆಯ ಬೀರುವಿನಲ್ಲಿ ಸ್ವಿಚ್ ಆಫ್ ಆಗಿತ್ತು. ಯಂತ್ರ ಆಮೇಲೆ ಗೋಡೆಯ ಫೋನಿಗೆ ಪ್ರಯತ್ನಿಸಿರಬೇಕು. ಆದರೆ ಆ ನಂಬರು ಕೊಟ್ಟ ಮೇಲೆ ಹಳ್ಳಿಗಳ ಫೋನು ತಂತಿಯನ್ನೆಲ್ಲ ಕಂಪನಿಯವರು ಕಿತ್ತು ಸುತ್ತಿಕೊಂಡು ಹೋಗಿದ್ದರು. ಹಾಲು ಕಟ್ಟಿ ಹೆಲುನಾ ಎಂಬ ಹಸುವಿಗೆ ಕೆಚ್ಚಲುಬಾವು ಬಂತು.

ಮರುದಿನ ಎಸ್ಕೊ ಹೂವು ಹಿಡಿದುಕೊಂಡು ಆಸ್ಪತ್ರೆಗೆ ಹೋದ. ಅಲ್ಲಿ ನಡೆದದ್ದನ್ನು ಇರ್ಮೆಲಿಯೇ ನನಗೆ ಹೇಳಿದಳು. ಹಸುವಿನ ಸುದ್ದಿ ಹೇಳಿ, ಅವಳ ಬೀರುವಿನಿಂದ ಅವನೇ ಫೋನು ತೆಗೆದು ಕೈಗಿಟ್ಟನಂತೆ.

"ಆನ್ ಮಾಡಿಟ್ಕೋ. ನೀನೇನೂ ಏಳ್ಬೇಡ. ಅಲಾರಂ ಬಂದಾಗ ನಂಗೊಂದು ಫೋನ್ ಹೊಡೆದ್ರೆ ಸಾಕು, ನಾನು ನೋಡ್ಕೋತೀನಿ."

ಇರ್ಮೆಲಿಗೂ ಒಂದು ಕ್ಷಣ ಅದೇ ಸರಿ ಅನ್ನಿಸಿತ್ತಂತೆ. ಹೆಲುನಾಳನ್ನು ಕರುವಿನಿಂದ ಸಾಕಿದವಳು ಅವಳು. ಮಲಗಿಕೊಂಡು ಒಂದು ಗುಂಡಿ ಒತ್ತುವುದೇನು ಮಹಾ ಎಂದುಕೊಂಡಳಂತೆ. ಹಾಗೆ ಅಂದುಕೊಂಡದ್ದಕ್ಕೇ ಸಿಟ್ಟು ಬಂತು ಎಂದಳು.

"ಅದು ನಿಂಗೇ ಹೇಳ್ಬಹುದಲ್ಲ ಎಸ್ಕೊ. ಯಂತ್ರಕ್ಕೂ ನಿಂಗೂ ಮಧ್ಯ ನಾನ್ಯಾಕೆ?"

ಫೋನು ಆನ್ ಮಾಡಿ, ಅವನ ಎದುರಿಗೇ ಯಾರ್ನೊಗೆ ಕರೆ ಮಾಡಿದಳು. ಎಲ್ಲ ಪೆಟ್ಟಿಗೆಗಳಿಗೂ ಎಸ್ಕೊನ ನಂಬರು ಹಾಕಲು ಹೇಳಿ, ಅಂಕಿಗಳನ್ನು ಯಾರ್ನೊನಿಂದ ನಿಧಾನವಾಗಿ ತಿರುಗಿ ಓದಿಸಿದಳು. ನಂತರ ಫೋನು ಮತ್ತೆ ಆಫ್ ಮಾಡಿದಳು.

ಅವಳು ಊರುಗೋಲಿನಲ್ಲಿ ಮನೆಗೆ ಬಂದ ಮೇಲೂ ನನ್ನ ಬದಲಿ ಕೆಲಸ ಮುಂದುವರಿದಿತ್ತು. ನಾನಿಲ್ಲದ ಹೊತ್ತಿನ ಅಲಾರಂ ಎಸ್ಕೊನದು. ಒಂದು ಮಧ್ಯಾಹ್ನ ಅವನು ಕಾಡಿನಿಂದ ಮರದ ಪುಡಿ ಮೆತ್ತಿಕೊಂಡು ಬಂದವನೇ ಯಾರ್ನೊಗೆ ಫೋನು ಹಚ್ಚಿದ. ಯಂತ್ರ ಕೆಟ್ಟಿದೆ, ಸುಮ್ಮಸುಮ್ಮನೆ ಬಡಿದುಕೊಳ್ಳುತ್ತದೆ, ಒಂದು ಮರ ನೆಟ್ಟಗೆ ಕಡಿಯಲಾಗುತ್ತಿಲ್ಲ, ಬಂದು ನೋಡು ಎಂದ. ಯಾರ್ನೊ ಕಂಪ್ಯೂಟರಿನಲ್ಲಿ ನೋಡಿ, ಏನೂ ಕೆಟ್ಟಿಲ್ಲ, ಮೊದಲಿನಿಂದ ಇಷ್ಟೇ ಬರುತ್ತಿದೆ ಎಂದು ಹೇಳಿರಬೇಕು.

"ಮೊದಲು ಬರ್ತಾನೇ ಇರ್ಲಿಲ್ಲ ಕಣಪ್ಪ" ಎಂದ ಎಸ್ಕೊ.

ಅತ್ತ ಯಾರ್ನೊ ಏನೆಂದನೋ. ಎಸ್ಕೊ ಬಹಳ ಹೊತ್ತು ಕೇಳಿಸಿಕೊಂಡ. ಸ್ಟೂಲಿನ ಮೇಲೆ ಕಾಲು ಚಾಚಿ ಆಲೂಗಡ್ಡೆ ಹೆರೆಯುತ್ತಿದ್ದ ಹೆಂಡತಿಯ ಕಡೆ ನೋಡಿದ. ಅವಳು ತಲೆಯೆತ್ತಲಿಲ್ಲ.

ವಸಂತದಲ್ಲಿ ಮಂಡಿ ಪೂರ್ತಿ ಬಾಗುವಂತಾಯಿತು. ವಾಸಿಯಾಯಿತಲ್ಲ, ಇನ್ನು ನಂಬರು ಮೊದಲಿನ ಹಾಗೆ ಮಾಡಿಸೋಣವೇ ಎಂದು ಎಸ್ಕೊ ಕೇಳಿದ. ಇರ್ಮೆಲಿ ಬೇಡವೆಂದಳು. ಕೊಟ್ಟಿಗೆಯ ಕೆಲಸ ನನ್ನ ಪಾಲಿನದು ಮಾಡುತ್ತೇನೆ, ಬೆಳಿಗ್ಗೆ ಹೋಗುತ್ತೇನೆ, ಸಂಜೆ ಹೋಗುತ್ತೇನೆ, ನಡುವೆ ಅದು ಯಾರನ್ನಾದರೂ ಕೂಗಿದರೆ ನಿನ್ನನ್ನು ಕೂಗಲಿ ಎಂದಳು. ಜಗಳವೇನೂ ಆಗಲಿಲ್ಲ. ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವಳು ಫೋನನ್ನು ಮನೆಯಲ್ಲೇ ಬಿಟ್ಟು ಸರೋವರದಲ್ಲಿ ಈಜಲು ಹೋಗುತ್ತಿದ್ದಳು. ಮಂಡಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದರು.