ಎಲ್‌ಎಂಜಿ ನಂಬರು

ತಾಯಲೂರಿನ ಶ್ರೀರಾಮಪ್ಪನಿಗೆ ಹೆಂಡತಿಯ ಫೋನ್ ನಂಬರು ಇವತ್ತಿಗೂ ಬಾಯಿಗೆ ಬರುವುದಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಹೊತ್ತಿದ್ದ ಎಲ್‌ಎಂಜಿ ಎಂಬ ಹಗುರ ಮೆಷಿನ್‌ಗನ್ನಿನ ನಂಬರು ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉದುರುತ್ತದೆ: ‘ಚಾರ್ ಸಾತ್ ತೀನ್ ಏಕ್,’ ಅಂದರೆ ನಾಲ್ಕು ಏಳು ಮೂರು ಒಂದು. ಪಲ್ಟನ್ನಿನಲ್ಲಿ ನಂಬರು ತಪ್ಪಿದವನು ಮೈದಾನ ಸುತ್ತಬೇಕಿತ್ತು. ‘ಆ ತುಪಾಕಿನೇ ಕಟ್ಕೊಂಡಿದ್ರೆ ಆಗ್ತಿತ್ತು’ ಎಂದು ಹೆಂಡತಿ ಅನಸೂಯಮ್ಮ ಐವತ್ತು ವರ್ಷದಿಂದ ರೇಗಿಸುತ್ತಲೇ ಇದ್ದಾಳೆ.

ಆ ಮೆಷಿನ್‌ಗನ್ನಿಗೆ ಇಬ್ಬರು ಆಳು. ಗುಂಡು ಹಾರಿಸುವವನು ಶ್ರೀರಾಮಪ್ಪ. ಬದಲಿ ನಳಿಗೆ ಹೊರುವವನು ಮುಳಬಾಗಿಲು ಕಡೆಯ ಮುನಿರಾಮಪ್ಪ. ಒಂದು ಮುಂಜಾನೆ ಎದುರಿನಿಂದ ದಾಳಿ ಬಂದಾಗ ನಳಿಗೆ ಕಾದು ಹೋಯಿತು. ಅದರ ಹಿಡಿ ಬೇರೆ ಮುರಿದಿತ್ತು. ಮುನಿರಾಮಪ್ಪ ಬರಿಗೈಯಲ್ಲೇ ಅದನ್ನು ಕಿತ್ತು ಇನ್ನೊಂದನ್ನು ಕೂರಿಸಿದ. ಅಂಗೈ ಚರ್ಮ ಸುಲಿದು ಬಂತು. ಶ್ರೀರಾಮಪ್ಪ ಉಳಿದದ್ದು ಆ ಕೈಯಿಂದ. ಆದರೆ ಗೆಳೆಯನಿಗೆ ಅದನ್ನೆಲ್ಲ ಬಾಯಿಬಿಟ್ಟು ಹೇಳುವುದುಂಟೇ ಎಂಬ ಹಾಳು ಬಿಗುಮಾನ! ಮೂರು ವರ್ಷದ ಹಿಂದೆ ಮುನಿರಾಮಪ್ಪ ತೀರಿಕೊಂಡಾಗ ಮಣ್ಣಿಗೆ ಹೋಗಿ, ಬಾಯಿಗೆ ಬೀಗ ಹಾಕಿಕೊಂಡೇ ವಾಪಸು ಬಂದ.

ಕೋಲಾರದ ಒಂದು ಪುಟ್ಟ ಮ್ಯೂಸಿಯಮ್ಮಿನಲ್ಲಿ ಅಂಥದೇ ಎಲ್‌ಎಂಜಿ ಇಟ್ಟಿದ್ದಾರೆಂದು ಕೇಳಿದಾಗ ಅವನಿಗೆ ಆಸೆ ಚಿಗುರಿತು. ತನ್ನದೇ ಆಗಿದ್ದರೆ ಆ ನಳಿಗೆಗಾದರೂ ಕೈಮುಗಿದು ಹೇಳಿಬಿಡಬೇಕು. ಬಸ್ಸು ಹತ್ತಿ ಬಂದು ನೋಡಿದರೆ, ಎಲ್ಲಿದೆ ನಂಬರು? ಹೊಸ ಅಳಿಯನ ಹಾಗೆ ಮಿರಮಿರ ಮಿಂಚುವ ಬಂದೂಕಿಗೆ ಮೂತಿಯಿಂದ ಹಿಡಿತನಕ ಕಪ್ಪು ಬಣ್ಣ!

‘ನಾನೇ ಹೊಡೆಯೋದಣ್ಣ,’ ಎಂದಳು ಅಲ್ಲಿ ಕಸ ಗುಡಿಸುವ ಯಲ್ದೂರಿನ ಮುನಿಲಕ್ಷ್ಮಿ, ಹೆಮ್ಮೆಯಿಂದ. ‘ಪ್ರತಿ ಆಯುಧಪೂಜೆಗೂ ಒಂದು ಕೋಟು. ಮನೇಲಿ ನೇಗಿಲಿಗೆ ಹೊಡೆಯಲ್ವಾ, ಹಂಗೆ.’

ಶ್ರೀರಾಮಪ್ಪನ ಪಿತ್ತ ನೆತ್ತಿಗೇರಿತು. ‘ನಂಬರೇ ಮುಚ್ಚಿಬಿಟ್ಟಿದ್ಯಲ್ಲಮ್ಮ!’ ಎಂದು ಕೂಗಿದ. ಆಮೇಲೆ ಬಂದೂಕಿಗೆ ಅವಳಿಟ್ಟ ಕುಂಕುಮದ ಬೊಟ್ಟು ಕಣ್ಣಿಗೆ ಬಿದ್ದು ತಣ್ಣಗಾದ. ಬಂದ ಕಾರಣ ಹೇಳಿದ. ಮುನಿಲಕ್ಷ್ಮಿ ಆಫೀಸಿಗೆ ಓಡಿ, ಸಾಹೇಬರ ಒಪ್ಪಿಗೆಯನ್ನೂ ಬಣ್ಣ ಕರಗಿಸುವ ಒಂದಿಷ್ಟು ಥಿನ್ನರನ್ನೂ ತಂದಳು. ಇಬ್ಬರೂ ಬಟ್ಟೆ ಅದ್ದಿ ಉಜ್ಜಲು ಕೂತರು.

ಮೊದಲು ಮಿಲಿಟ್ರಿ ಮಾಲಿನ ಬಾಣದ ಗುರುತು ಬಂತು. ಆಮೇಲೆ ತಯಾರಾದ ಇಸವಿ. ಅದರ ಪಕ್ಕದಲ್ಲಿ ನಾಲ್ಕು. ಏಳು. ಶ್ರೀರಾಮಪ್ಪ ಉಜ್ಜುವುದು ಬಿಟ್ಟು ಆ ಅಂಕಿಗಳ ಮೇಲೆ ಬೆರಳಾಡಿಸತೊಡಗಿದ. ಬಟ್ಟೆಯನ್ನು ಮುನಿಲಕ್ಷ್ಮಿಯೇ ಇಸಿದುಕೊಂಡು ಉಜ್ಜಿದಳು.

ಒಂಬತ್ತು. ಆರು.

ನಳಿಗೆಯ ಮೇಲೂ ಅದೇ ನಂಬರು. ‘ನಂದಲ್ಲಮ್ಮ,’ ಎಂದು ಅವನು ಹೆಗಲ ಟವಲಿನಲ್ಲಿ ಮುಖ ಮುಚ್ಚಿಕೊಂಡ. ಇಷ್ಟು ವಯಸ್ಸಾದ ಗಂಡಸು ಕಬ್ಬಿಣದ ಮುಂದೆ ಕಣ್ಣೀರು ಹಾಕಿದ್ದಕ್ಕೆ ನಗಬೇಕಿಲ್ಲ.

ಮುನಿಲಕ್ಷ್ಮಿ ನೀರು ಕೊಟ್ಟು ಕೇಳಿದಳು: ‘ತುಪಾಕಿಗೆ ಹೇಳೋಕೆ ಇಷ್ಟು ದೂರ ಬಂದ್ರಲ್ಲಣ್ಣ, ಅವ್ರ ಮನೇಲಿ ಯಾರೂ ಇಲ್ವಾ?’

ಇದ್ದಳು. ಮುನಿರಾಮಪ್ಪನ ಹೆಂಡತಿ ಸುನಂದಮ್ಮ. ಶ್ರೀರಾಮಪ್ಪ ಮುನಿಲಕ್ಷ್ಮಿಗೆ ಕೈಮುಗಿದು ನೇರ ಮುಳಬಾಗಿಲು ಬಸ್ಸು ಹತ್ತಿದ.

ಸುನಂದಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅವನು ಚಪ್ಪಲಿ ಬಿಟ್ಟವನೇ, ನಿಂತೇ ಎಲ್ಲವನ್ನೂ ಹೇಳಿದ. ‘ನಾನು ಮಕ್ಕಳು ಮೊಮ್ಮಕ್ಕಳನ್ನ ಕಂಡಿದ್ದು ಅವನ ಕೈಯಿಂದ ಕಣಮ್ಮ. ಅವನಿಗೆ ಹೇಳಲಿಲ್ಲ. ನಿನಗೆ ಹೇಳ್ತಿದೀನಿ.’

ಅವಳ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ‘ಮಿಲಿಟ್ರಿ ಅಡುಗೆಮನೇಲಿ ಬಾಣಲೆ ಮುಟ್ಟಿ ಕೈ ಸುಟ್ಕೊಂಡೆ ಅಂದಿದ್ರು ನಮ್ಮ ಯಜಮಾನ್ರು. ಅಡುಗೆ ಮಾಡೋಕೂ ಬರಲ್ಲ ಅಂತ ಸಾಯೋತನಕ ನಗಾಡಿದೀನಿ.’ ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದ ಮೊರ ಸರಿಸಿ ಅವನಿಗೆ ಜಾಗ ಮಾಡಿದಳು.

‘ಕೂತ್ಕೊಳ್ಳಿ,’ ಎಂದಳು. ‘ಮೊದಲಿಂದ ಇನ್ನೊಂದ್ಸಲ ಹೇಳಿ.’