ಬುಧವಾರದ ಬೋರ್ಡು

ಹೊಸಪೇಟೆಯ ನಮ್ಮ ವಾಚನಾಲಯದ ಬಾಗಿಲ ಮೇಲೆ ಒಂದು ಬೋರ್ಡಿತ್ತು. ಕರಿಯ ಹಲಗೆ, ಬಿಳಿಯ ಅಕ್ಷರ. ಮೇಲುಗಡೆ ‘ಸಾರ್ವಜನಿಕ ವಾಚನ ಮಂದಿರ’ ಎಂದು ದಪ್ಪಗೆ ಬರೆದಿತ್ತು. ಅದರ ಕೆಳಗೆ ಸಾಲು ಸಾಲಾಗಿ ಕೂಡದುಗಳು: ಉಗುಳಕೂಡದು, ಬೀಡಿ ಸೇದಕೂಡದು, ಗಟ್ಟಿಯಾಗಿ ಓದಕೂಡದು, ಪುಟ ಮಡಿಸಕೂಡದು, ನಿದ್ದೆ ಮಾಡಕೂಡದು. ಇಷ್ಟೆಲ್ಲ ಮುಗಿದ ಮೇಲೆ, ಹಲಗೆಯಲ್ಲಿ ಇನ್ನೂ ಒಂದಿಷ್ಟು ಜಾಗ ಉಳಿಯಿತಲ್ಲ ಎಂದು ತುರುಕಿದ ಹಾಗೆ, ಇರುವೆಯಷ್ಟು ಅಕ್ಷರದಲ್ಲಿ ‘ಸ್ತ್ರೀಯರಿಗೆ ಬುಧವಾರ ಅಪರಾಹ್ನ ಎರಡರಿಂದ ನಾಲ್ಕರವರೆಗೆ ಪ್ರವೇಶವುಂಟು’ ಎಂದಿತ್ತು. ಆ ಒಂದು ಸಾಲಿಗಾಗಿ ನಾನು ಕಮಿಟಿಯವರ ಜೊತೆ ವರ್ಷವಿಡೀ ಜಗಳವಾಡಿದ್ದೆ.

ಆಗ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಊರು ಮದರಾಸಿನ ಆಡಳಿತದಲ್ಲಿದ್ದ ಕಾಲ. ಓದು ಕಲಿಸುವ ಕೆಲಸ ನನ್ನದು, ಆದರೆ ನನಗೇ ಓದಲು ಪುಸ್ತಕವಿಲ್ಲ. ಶಾಲೆಯ ಪುಸ್ತಕಗಳೆಲ್ಲ ಬಾಯಿಪಾಠವಾಗಿಹೋಗಿದ್ದವು. ವಾಚನಾಲಯದಲ್ಲಿ ಮೂರು ಬೀರು ತುಂಬ ಪುಸ್ತಕಗಳಿದ್ದವು. ಬೀದಿಯಲ್ಲಿ ಹೋಗುವಾಗ ಕಿಟಕಿಯ ಸರಳುಗಳ ನಡುವೆ ಕಾಣುತ್ತಿದ್ದವು. ಒಳಗೆ ನಾಲ್ಕು ಜನ ಗಂಡಸರು ಪೇಪರು ಮುಖಕ್ಕೆ ಮುಚ್ಚಿಕೊಂಡು ತೂಕಡಿಸುತ್ತಿದ್ದರು. ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಕಾರ್ಯದರ್ಶಿಗಳು ವಕೀಲರು, ನಮ್ಮ ತಂದೆಯ ವಯಸ್ಸಿನವರು, ಕೆಟ್ಟವರೇನಲ್ಲ. ನನ್ನ ಕಾಟ ತಾಳಲಾರದೆ ಕೊನೆಗೆ ಒಪ್ಪಿದರು. “ಆಗ್ಲಮ್ಮ, ನಾಗರಪಂಚಮಿಯಿಂದ ದಸರಾದ ತನಕ ನೋಡೋಣು. ಆದ್ರ ನೀ ಒಬ್ಬಾಕೀನ ಕೂತು ಓದೋದಾದ್ರ ಆಗೂದಿಲ್ಲ. ಹೆಣ್ಮಕ್ಕಳು ಬಂದ್ರ ಸರಿ. ಬರಲಿಲ್ಲಾ, ಬುಧವಾರ ರದ್ದು” ಎಂದರು. ಬುಧವಾರ ರದ್ದಾದರೆ ಆ ಬಾಗಿಲು ನನಗೂ ಮುಚ್ಚುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಕೇರಿಯ ಹೆಂಗಸರು ಮೂಗು ಮುರಿದರು. ಪರಗಂಡಸರು ಕೂತೆದ್ದ ಚಾಪೆಯ ಮೇಲೆ ಹೇಗೆ ಕೂರುವುದಂತೆ! ನಾನೂ ಅವರನ್ನು ನೆಚ್ಚಿರಲಿಲ್ಲ. ನಾನು ನೆಚ್ಚಿಕೊಂಡಿದ್ದು ಆ ಬೀದಿಯಲ್ಲಿ ದಿನಾ ಓಡಾಡುವವರನ್ನು. ಕಮಲಾಪುರ, ಹಂಪಿ ಕಡೆಯಿಂದ ಬಾಳೆಹಣ್ಣು ತರುವವರು, ಕಂಪ್ಲಿ ಬೆಲ್ಲದವರು, ಹಂಗಾಮು ಬಂದರೆ ಸಂಡೂರು ಗುಡ್ಡದ ಸೀತಾಫಲದವರು. ಪೇಟೆಯಲ್ಲಿ ಮಾರಿ ಉಳಿದದ್ದನ್ನು ಮಧ್ಯಾಹ್ನ ಬುಟ್ಟಿಯಲ್ಲಿ ಹೊತ್ತು ಬೀದಿ ಬೀದಿ ತಿರುಗುವ ಹೆಂಗಸರು. ಓದು ಬಾರದಿದ್ದರೇನು, ನಾನು ಓದಿ ಹೇಳುತ್ತೇನೆ, ನೆರಳಿನಲ್ಲಿ ಕೂತು ಕೇಳಲಿ ಎಂದುಕೊಂಡಿದ್ದೆ. ನಾಲ್ಕು ಬುಧವಾರ ಕಳೆದವು. ಒಂದು ನರಪಿಳ್ಳೆಯೂ ಬರಲಿಲ್ಲ.

ಬೋರ್ಡು ದೊಡ್ಡದಾಗಿದ್ದರೆ ಬರುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಅದಕ್ಕೇ ಬೋರ್ಡಿನ ತಾತನ ಹತ್ತಿರ ಹೋದೆ. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಆಯುಷ್ಯವೆಲ್ಲ ರೈಲು ಸ್ಟೇಷನ್ನುಗಳ ಹೆಸರು ಬರೆದು ಹಣ್ಣಾದ ಪೇಂಟರು. ದರೋಜಿಯಿಂದ ಈಚೆಗೆ ಅವರ ಕುಂಚ ಮುಟ್ಟದ ಸ್ಟೇಷನ್ನೇ ಇರಲಿಲ್ಲ. “ಪಾಪಿನಾಯಕನಹಳ್ಳಿ ಅನ್ನೂದನ್ನ ಗಾಡಿ ಹೊರಡೂದ್ರೊಳಗ ಓದೂಹಂಗ ಬರೆಯೂದು ಅಂದ್ರ ಹುಡುಗಾಟಲ್ರೀ ಅಕ್ಕೋರ” ಎನ್ನುತ್ತಿದ್ದರು. ಆ ಜಂಬ ಅವರಿಗೆ ಒಪ್ಪುತ್ತಿತ್ತು.

ನನ್ನ ಬೇಡಿಕೆ ಕೇಳಿ ಅವರು ಕುಂಚ ತೆಗೆಯಲೇ ಇಲ್ಲ. ಮುಂದಿನ ಬುಧವಾರ ಬಂದು, ವಾಚನಾಲಯದ ಎದುರಿನ ಕಮ್ಮಾರನ ಕಟ್ಟೆಯ ಮೇಲೆ ಮಧ್ಯಾಹ್ನವಿಡೀ ಸುಮ್ಮನೆ ಕೂತರು. ಆಮೇಲೆ ಕಮ್ಮಾರನಿಂದ ಒಂದು ಬುಟ್ಟಿ ಇಸಕೊಂಡು, ಅದರ ತುಂಬ ಕಲ್ಲು ಹೇರಿಸಿ, ತಲೆಯ ಮೇಲಿಟ್ಟುಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದರು. ನೆರೆದ ಜನ ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆಯಿಂದ ಸಾಕುಸಾಕಾಯಿತು. ತಾತ ಬೆವರು ಒರೆಸಿಕೊಳ್ಳುತ್ತ ಬಂದು, “ಕಾಣಂಗಿಲ್ರೀ. ತಲಿ ಮ್ಯಾಲ ಬುಟ್ಟಿ ಇದ್ರ ಕಣ್ಣು ಮ್ಯಾಲ ಏಳಂಗಿಲ್ಲ. ನಿಮ್ಮ ಬೋರ್ಡು ಎಲ್ಲಿ ಬಂತು, ಹೇಮಕೂಟದ ಗುಡ್ಡಾನ ಎದ್ರಿಗೆ ನಿಂತ್ರೂ ಕಾಣಂಗಿಲ್ಲ” ಎಂದರು. ಬಾಗಿಲ ಮೇಲಿನ ಕೂಡದುಗಳನ್ನು ಒಮ್ಮೆ ಓದಿ, “ಕಂಡ್ರೂ ಅಷ್ಟ. ಇಷ್ಟು ಸಲ ಬ್ಯಾಡ ಬ್ಯಾಡ ಅಂದು, ಕಡೀಗೆ ಬರ್ರಿ ಅಂದ್ರ ಯಾರ್ರೀ ಬರ್ತಾರ?” ಎಂದು ನಕ್ಕರು.

ಹೊರೆ ಹೊತ್ತವರ ಕಣ್ಣು ನಾಲ್ಕು ಹೆಜ್ಜೆ ಮುಂದಿನ ನೆಲದ ಮೇಲಿರುತ್ತದೆ. ಹಾಗಾಗಿ ತಾತ ಮೆಟ್ಟಿಲಿನ ಮುಂಬದಿಗೆ ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ‘ಒಳಗ ಬರ್ರಿ’ ಎಂದು ಗುಂಡಗೆ ಬರೆದರು. ಎಂಥ ಅಕ್ಷರ! ಬೀದಿಯ ತಿರುವಿನಿಂದಲೇ ಎದ್ದು ಕಾಣುತ್ತಿತ್ತು. ಗೆದ್ದೆವು ಎಂದುಕೊಂಡೆ.

ಬುಧವಾರ ಬಂತು. ಬುಟ್ಟಿಯ ಹೆಂಗಸರು ಮೆಟ್ಟಿಲು ನೋಡಿದರು, ನಿಂತರು. ಮುಂದಿದ್ದವಳು ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದನ್ನು ಎದೆಗೆ ಮುಟ್ಟಿಸಿ, ಭಕ್ತಿಯಿಂದ ಕಣ್ಣು ಮುಚ್ಚಿ ತೆರೆದಳು. “ಯಾವ ದೇವ್ರವ್ವಾ ಇದು? ಹೊಸಾ ಗುಡಿ ಏನು?” ಎಂದು ನನ್ನನ್ನೇ ಕೇಳಿದಳು. ಸುಣ್ಣ ಕೆಮ್ಮಣ್ಣಿನ ಮೆಟ್ಟಿಲೆಂದರೆ ಅವರ ಪಾಲಿಗೆ ಗುಡಿಯೇ. ನಾನು ಬಾಯಿ ತೆರೆಯುವುದರೊಳಗೆ ಎಲ್ಲರೂ ಸರದಿಯಂತೆ ಎದೆ ಮುಟ್ಟಿಕೊಂಡು ಹೊರಟೇಹೋದರು.

ಮರುದಿನ ಕಾರ್ಯದರ್ಶಿಗಳು ನೋಡಿ ಹೌಹಾರಿದರು. “ಅಕ್ಷರಾ ಒಯ್ದು ಕಾಲ ಬುಡಕ ಇಟ್ಟೀರಲ್ಲಮ್ಮ! ಸರಸ್ವತೀನ್ನ ತುಳಿಸ್ತೀರೇನು?” ಎಂದು ಕೂಗಾಡಿದರು. ಆಳನ್ನು ಕರೆದು ಎರಡು ಕೊಡ ನೀರು ಸುರಿಸಿ ತಿಕ್ಕಿಸಿಬಿಟ್ಟರು. ದಸರೆಗೆ ಇನ್ನು ಮೂರು ವಾರವಿತ್ತು. ನಾನು ಆ ಸಿಟ್ಟನ್ನೆಲ್ಲ ತಾತನ ಮೇಲೆ ತೀರಿಸಿಕೊಂಡೆ. “ನಿಮ್ಮನ್ನ ನಂಬಿ ಕೆಟ್ಟೆ” ಎಂದೆ. ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಬೇರೆಯವರಾಗಿದ್ದರೆ ಕುಂಚ ಬಿಸಾಕಿ ಹೋಗುತ್ತಿದ್ದರು. ತಾತ ಮತ್ತೆ ಹೋಗಿ ಕಮ್ಮಾರನ ಕಟ್ಟೆಯ ಮೇಲೆ ಕೂತರು. ಒಂದು ದಿನವಲ್ಲ, ಐದು ದಿನ. ಆರನೆಯ ದಿನ ಶಾಲೆಯ ಹತ್ತಿರ ಬಂದು, “ಅಕ್ಕೋರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನಿ ಮುಂದ ಬಾಳೆಹಣ್ಣಿನಾಕಿ ಬುಟ್ಟಿ ಇಳಿಸಿದ್ರ, ತಿರುಗಿ ಎತ್ತೋರು ಯಾರು?” ಎಂದು ಕೇಳಿದರು.

ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸಿಕೊಳ್ಳಲಾಗದು. ಹಣ್ಣು ಕೊಂಡವರು ಕೈ ಹಚ್ಚಬೇಕು. ನಮ್ಮದು ಮಡಿಯ ಮನೆ. ಅಮ್ಮ ಹಣ್ಣು ಆರಿಸಿಕೊಂಡು ಒಳಗೆ ಬಂದುಬಿಡುತ್ತಿದ್ದಳು. ಹಣ್ಣಿನವಳು ಬಿಸಿಲಲ್ಲಿ ನಿಂತು, ಹೋಗಿ ಬರುವವರನ್ನೆಲ್ಲ “ಯಣ್ಣಾ, ಒಂಚೂರು ಎತ್ತಣ್ಣಾ” ಎಂದು ಕೂಗಬೇಕಿತ್ತು. ಹುಟ್ಟಿದಾಗಿನಿಂದ ಆ ಕೂಗು ಕೇಳಿದ್ದೆ. ಒಂದು ದಿನವೂ ಎದ್ದು ಹೋಗಿರಲಿಲ್ಲ. ತಾತ ನನ್ನನ್ನು ಬೈಯಲಿಲ್ಲ, ಆದರೂ ಮುಖಕ್ಕೆ ಹೊಡೆದ ಹಾಗಾಯಿತು.

“ಎತ್ತೋರು ಇಲ್ಲ ಅಂದ್ರ ಇಳಿಸೂದ ಇಲ್ರೀ. ಇಳಿಸದ ಒಳಗ ಹೆಂಗ್ ಬರ್ತಾರ? ಮೊದ್ಲ ಹೊರೆಗಲ್ಲು ನಿಲ್ಲಿಸೋಣು. ಬರೆಯೂದು ಆಮ್ಯಾಲ” ಎಂದರು. ಹಳೆಯ ಕಾಲ್ದಾರಿಗಳಲ್ಲಿ ಅಂಥ ಕಲ್ಲುಗಳಿರುತ್ತಿದ್ದವು. ಎರಡು ಕಂಬ, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಆಳಿನ ಹೆಗಲೆತ್ತರ. ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳಬಹುದು. ಹೊರಡುವಾಗ ಸ್ವಲ್ಪ ಬಗ್ಗಿ, ಯಾರ ಹಂಗೂ ಇಲ್ಲದೆ ತಲೆಗೆ ಎಳೆದುಕೊಳ್ಳಬಹುದು. ಕಾರ್ಯದರ್ಶಿಗಳು, “ಕಲ್ಲು ತಾನೆ? ನಿಲ್ಲಿಸ್ಕೋರಿ. ಮುಂದ ದನಾ ಕಟ್ಟಾಕಾದ್ರೂ ಬರ್ತೈತಿ” ಎಂದು ನಕ್ಕು ಒಪ್ಪಿದರು. ತಾತನ ಗೆಳೆಯರಾದ ಒಬ್ಬ ಕಲ್ಲುಕುಟಿಗರು ಬಂದು ಬೇವಿನ ನೆರಳಿನಲ್ಲಿ, ನಮ್ಮ ಬಾಗಿಲಿಗೆ ನೇರವಾಗಿ ನಿಲ್ಲಿಸಿಕೊಟ್ಟರು.

“ಈ ಸಲ ದೇವ್ರ ಬಣ್ಣ ಬ್ಯಾಡ” ಎಂದು ತಾತ ಚಪ್ಪಡಿಯ ಅಂಚಿಗೆ ಬಾಳೆ ಎಲೆಯ ಹಸಿರು ಬಳಿದರು. ಅದರ ಮೇಲೆ ಬಿಳಿಯಲ್ಲಿ: ‘ಬುಟ್ಟಿ ಇಳಿಸ್ರಿ. ಒಳಗ ಬರ್ರಿ. ಬುಧವಾರ ಹೆಣ್ಮಕ್ಕಳಿಗೆ.’ ಪಕ್ಕದಲ್ಲಿ ಓದು ಬಾರದವರಿಗೂ ತಿಳಿಯಲೆಂದು ಒಂದು ಚಿತ್ರ: ಕಾಲು ಚಾಚಿ ಕೂತ ಹೆಂಗಸು, ಬದಿಯಲ್ಲಿ ಬುಟ್ಟಿ, ಎದುರಿಗೆ ಪುಸ್ತಕ ಹಿಡಿದ ಇನ್ನೊಬ್ಬಳು. ಆ ಇನ್ನೊಬ್ಬಳ ಮೂಗು ನನ್ನದರಂತೆಯೇ ಉದ್ದವಾಗಿತ್ತು. ಕೇಳಿದರೆ, “ಹಂಗ ಬಂದೈತ್ರೀ, ನಾ ಏನ್ ಮಾಡ್ಲಿ?” ಎಂದರು. ಅಕ್ಷರ ಕಾಲ ಬುಡದಲ್ಲೂ ಇಲ್ಲ, ಹೊರೆ ಹೊತ್ತವರ ಕಣ್ಣಿಗೆ ನಿಲುಕದ ಎತ್ತರದಲ್ಲೂ ಇಲ್ಲ. ಹೊರೆ ಇಳಿಸಲು ಬಂದವಳ ಮುಖಕ್ಕೆ ಸರಿಯಾಗಿ ಇತ್ತು. ಆ ಬುದ್ಧಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ದಸರೆಗೆ ಮುಂಚಿನ ವಾರ. ಮೊದಲು ಬಂದವಳು ಕಮಲಾಪುರದ ಒಬ್ಬ ಗಟ್ಟಿ ಹೆಂಗಸು. ಕಲ್ಲಿನ ಮೇಲೆ ಬುಟ್ಟಿ ಜಾರಿಸಿ, ಸಿಂಬೆ ಬಿಚ್ಚಿ ಕತ್ತು ಒರೆಸಿಕೊಂಡಳು. ಚಿತ್ರ ನೋಡಿದಳು, ಬಾಗಿಲಲ್ಲಿ ಕೂತಿದ್ದ ನನ್ನನ್ನು ನೋಡಿದಳು, ನಕ್ಕಳು.

“ನೀನ ಏನವ್ವಾ ಈಕಿ? ನನಗ ಓದಾಕ ಬರಂಗಿಲ್ಲ.”

“ನಾ ಓದ್ತೀನಿ. ನೀ ಬಂದು ಕುಂದ್ರು.”

ಬಂದಳು. ಅವಳ ಹಿಂದೆ ಇನ್ನೂ ನಾಲ್ವರು. ಕಳೆದುಹೋದ ಮಗನನ್ನು ಹುಡುಕಿಕೊಂಡು ಹೋಗುವ ಒಬ್ಬ ತಾಯಿಯ ಕಥೆ ತೆಗೆದು ಗಟ್ಟಿಯಾಗಿ ಓದಿದೆ. ತಾಯಿ ತುಂಬಿದ ಹೊಳೆಗೆ ಇಳಿಯುವಲ್ಲಿಗೆ ಗಂಟೆ ನಾಲ್ಕು ಹೊಡೆಯಿತು, ನಿಲ್ಲಿಸಬೇಕಾಯಿತು. ಪಡಸಾಲೆಯಲ್ಲಿ ನಿಂತಿದ್ದ ಕಾರ್ಯದರ್ಶಿಗಳು ತಲೆಯಲ್ಲಾಡಿಸಿದರು. “ಒಂದಿನ ತಮಾಷಾ ನೋಡಾಕ ಯಾರಾದ್ರೂ ಬರ್ತಾರಮ್ಮ. ಮುಂದಿನ ಬುಧವಾರ ಇವರ ಬಂದ್ರ ಮಾತು. ಇಲ್ಲಾಂದ್ರ ಅವತ್ತ ಕಡೀದು” ಎಂದರು.

ನಾನು ನೇರ ತಾತನ ಮನೆಗೆ ಓಡಿದೆ. ಕಮಲಾಪುರದವಳೂ ಸೇರಿ ಐದು ಜನ ಬಂದರು, ಅಕ್ಷರ ನೋಡಿ ಬೆರಗಾದರು, ಚಿತ್ರ ನೋಡಿ ನಕ್ಕರು ಎಂದು ಒಂದೇ ಉಸಿರಿಗೆ ಒದರಿದೆ. ತಾತ ಅಕ್ಷರದ ಮಾತೇ ಎತ್ತಲಿಲ್ಲ. “ಹೋಗಾಗ ಬುಟ್ಟಿ ತಾನ ಎತ್ಕೊಂಡ್ಲೇನ್ರೀ, ಇಲ್ಲಾ ಯಾರನ್ನರ ಕರದ್ಲು?” ಎಂದು ಕೇಳಿದರು.

“ತಾನೇ ಎತ್ತಿಕೊಂಡಳು.”

“ಹಂಗಾರ ಬರ್ತಾಳ ಬಿಡ್ರಿ” ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಅವರಿಗೆ ಅಷ್ಟು ಧೈರ್ಯ, ನನಗೆ ಏಳು ದಿನ ಊಟ ಸೇರಲಿಲ್ಲ. ಬುಧವಾರ ಎರಡು ಹೊಡೆಯಿತು, ಎರಡೂವರೆಯಾಯಿತು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ. ಕಾರ್ಯದರ್ಶಿಗಳು ಪಡಸಾಲೆಯಲ್ಲಿ ಗಡಿಯಾರ ತೆಗೆದು ನೋಡಿಕೊಳ್ಳುತ್ತಿದ್ದರು. ನಾನು ಎದ್ದು ಬೀರುಗಳ ಮುಂದೆ ನಿಂತೆ. ಇನ್ನೂ ಓದದ ಪುಸ್ತಕಗಳ ಬೆನ್ನಿನ ಮೇಲೆ ಕೈಯಾಡಿಸಿದೆ. ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಹೊರಗೆ ಕಲ್ಲಿನ ಮೇಲೆ ಬುಟ್ಟಿ ಜಾರಿದ ಸದ್ದಾಯಿತು. ಆಮೇಲೆ ಇನ್ನೊಂದು, ಮತ್ತೊಂದು. ಕಮಲಾಪುರದವಳು ಏದುಸಿರು ಬಿಡುತ್ತ ಒಳಗೆ ಬಂದಳು. ಹಿಂದೆ ಎಂಟು ಜನ. ಕೂರುವ ಮೊದಲೇ ಶುರುಮಾಡಿದಳು: “ಆ ತಾಯಿ ಹೊಳಿ ದಾಟಿದ್ಲೋ ಇಲ್ಲೋ, ಮೊದ್ಲ ಅಷ್ಟು ಹೇಳಿಬಿಡವ್ವ. ವಾರ ಎಲ್ಲಾ ನಿದ್ದಿ ಇಲ್ಲ ನನಗ.”

ಪಡಸಾಲೆಯಲ್ಲಿ ಗಡಿಯಾರದ ಮುಚ್ಚಳ ಟಕ್ಕೆಂದು ಮುಚ್ಚಿತು. ಕಾರ್ಯದರ್ಶಿಗಳು ಚಪ್ಪಲಿ ಮೆಟ್ಟಿಕೊಂಡು, ನನ್ನತ್ತ ಒಮ್ಮೆ ಕೈಯೆತ್ತಿ, “ನಡೀಲಮ್ಮ” ಎಂದು ಮೆಟ್ಟಿಲಿಳಿದು ಹೋದರು. ನಾನು ಪುಸ್ತಕ ತೆರೆದೆ. ಅಕ್ಷರ ಒಂದೂ ಕಾಣಲಿಲ್ಲ. ಕಣ್ಣೀರು ಧಾರಾಕಾರ ಹರಿಯುತ್ತಿತ್ತು.

ಕಮಲಾಪುರದವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ ನಮ್ಮವ್ವ, ಸತ್ತಳೇನು ಆಕಿ?”

“ಇಲ್ಲ” ಎಂದೆ. “ದಾಟಿದಳು.”